ಮಡಿದ ಬಂಟನ ಹೆಸರು: ಹಾನಗಲ್ಲಿನ ವೀರಗಲ್ಲೂ ಬಸರಾದ ಲೆಕ್ಕವೂ

ಹಾನಗಲ್ಲಿಗೆ ಹೋದವರು ತಾರಕೇಶ್ವರನ ಗುಡಿಯನ್ನು ನೋಡದೆ ಮರಳುವದಿಲ್ಲ. ಆ ಗುಡಿಯ ಮಂಟಪದ ಮಾಳಿಗೆಯಲ್ಲಿ ಶಿಲ್ಪಿಯು ಅರಳಿಸಿಟ್ಟ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡಿ ಬೆರಗಾಗದವರೂ ಇಲ್ಲ. ಆದರೆ ಕತ್ತೆತ್ತಿ ನೋಡುವ ಕಲ್ಲುಗಳಿರುವಂತೆ ತಲೆಬಾಗಿ ನೋಡಬೇಕಾದ ಕಲ್ಲುಗಳೂ ಆ ಊರಿನಲ್ಲಿ ಇರುವವು. ಅವು ವೀರಗಲ್ಲುಗಳು. ಅವುಗಳ ಮುಂದೆ ನಿಲ್ಲುವ ಪ್ರವಾಸಿಗಳು ವಿರಳ. ನಿಂತರೂ ‘ಯಾವದೋ ಹಳೆಯ ಕಾಳಗದ ಚಿತ್ರ’ವೆಂದು ಹೇಳಿ ಮುಂದೆ ಸಾಗುವವರೇ ಬಹಳ. ಆ ಕಲ್ಲಿನೊಳಗೆ ಒಬ್ಬ ಮನುಷ್ಯನಿರುವನೆಂಬದು ಅವರಿಗೆ ಹೊಳೆಯುವದೇ ಇಲ್ಲ.

ಈ ಮಾತನ್ನು ಈಗ ಎತ್ತಲಿಕ್ಕೆ ಕಾರಣವಿದೆ. ಎರಡು ಮಹಾಯುದ್ಧಗಳಲ್ಲಿ ಮಡಿದ ತಮ್ಮ ಮುತ್ತಜ್ಜಂದಿರ ಜಾಡು ಹಿಡಿದು, ಅವರು ಯಾವ ದಳದಲ್ಲಿದ್ದರು, ಯಾವ ರಣದಲ್ಲಿ ಬಿದ್ದರು, ಯಾವ ನೆಲದಲ್ಲಿ ಮಣ್ಣಾದರು ಎಂಬದನ್ನು ಶೋಧಿಸುವ ಆಸ್ಥೆಯು ಯುರೋಪ ಖಂಡದಲ್ಲಿ ಬಹಳವಾಗಿ ಹಬ್ಬಿ, ನಮ್ಮ ದೇಶದಲ್ಲಿಯೂ ಮೆಲ್ಲನೆ ಬೇರೂರುತ್ತಲಿದೆ. ಇದು ಸ್ತುತ್ಯವಾದ ಆಸ್ಥೆ. ಆದರೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಸುಶಿಕ್ಷಿತರು ಇದನ್ನು ಪರದೇಶದಿಂದ ಬಂದ ಹೊಸ ಹವ್ಯಾಸವೆಂದು ತಿಳಿದರೆ ತಪ್ಪಾದೀತು. ಮಡಿದ ಬಂಟನ ಹೆಸರನ್ನು ಬರೆದು ಉಳಿಸುವ ವಿದ್ಯೆಯು ಈ ನೆಲದಲ್ಲಿ ಸಾವಿರ ವರ್ಷಗಳ ಹಿಂದೆಯೇ ಇದ್ದಿತು. ನಡುವೆ ಅದನ್ನು ನಾವು ಮರೆತೆವು. ಆ ಮರೆವಿನಿಂದ ನಮಗಾದ ಹಾನಿಯೆಂಥದು, ಅದನ್ನು ತುಂಬಿಕೊಳ್ಳುವ ಬಗೆಯೇನು ಎಂಬದನ್ನು ವಾಚಕರ ಮುಂದಿಡುವದೇ ನಮ್ಮ ಉದ್ದೇಶ.

ಸೋಹಣಿಯ ಕಲ್ಲು

ಹನ್ನೆರಡನೆಯ ಶತಮಾನದ ಕೊನೆಯ ದಶಕ. ಕಲ್ಯಾಣದ ಚಾಲುಕ್ಯರ ಪ್ರಭುತ್ವವು ಕುಸಿದು ಬಿದ್ದಿತ್ತು. ಬಡಗಣಿಂದ ಸೇವುಣರೂ ತೆಂಕಣಿಂದ ಹೊಯ್ಸಳರೂ ಆ ಒಡೆಯನಿಲ್ಲದ ಸಂಪತ್ತಿಗಾಗಿ ಕೈಚಾಚಿದರು. ಹೊಯ್ಸಳ ವೀರಬಲ್ಲಾಳನು ೧೧೯೦ರ ಸುಮಾರಿಗೆ ಸೊರಟೂರಿನ ಕಾಳಗದಲ್ಲಿ ಸೇವುಣರನ್ನು ಸೋಲಿಸಿ ಈ ಸೀಮೆಯ ಮೇಲೆ ತನ್ನ ಕೈಯನ್ನು ಬಲಪಡಿಸಿಕೊಂಡಿದ್ದನು. ನಡುವೆ ಉಳಿದವರು ಪಾನುಂಗಲ್ಲಿನ, ಎಂದರೆ ಈಗಿನ ಹಾನಗಲ್ಲಿನ, ಕದಂಬರು. ಅವರ ಅರಸು ಕಾಮದೇವನು ತಲೆಬಾಗಲಿಲ್ಲ.

ಕ್ರಿ. ಶ. ೧೧೯೬ರಲ್ಲಿ ಬಲ್ಲಾಳನು ದಂಡೆತ್ತಿ ಬಂದು, ಊರಿನ ಪಡುವಣದ ಆನೆಕೆರೆಯ ಬಳಿಯಲ್ಲಿ ಪಾಳೆಯ ಬಿಟ್ಟು, ಹಾನಗಲ್ಲಿಗೆ ಮುತ್ತಿಗೆ ಹಾಕಿದನು. ಕದಂಬರ ದಂಡಿನ ನಾಯಕನಾದ ಸೋಹಣಿಯೆಂಬವನು ತನ್ನ ಮಗನನ್ನು ಜೊತೆಗೊಂಡು ಹೊಯ್ಸಳರ ಬಲವನ್ನೆದುರಿಸಿ ಹಿಂದಕ್ಕೆ ನೂಕಿದನು. ಆ ಸಲ ಊರು ಉಳಿಯಿತು. ಊರನ್ನುಳಿಸಿದ ಸೋಹಣಿಯು ಉಳಿಯಲಿಲ್ಲ. ಅವನ ನೆನಪಿಗಾಗಿ ನಿಲ್ಲಿಸಿದ ವೀರಗಲ್ಲಿನ ಬರಹವೇ ಈ ಮುತ್ತಿಗೆಯ ವೃತ್ತಾಂತವನ್ನು ನಮಗೆ ತಿಳಿಸಿರುವದು. ಮುಂದೆ ಬಲ್ಲಾಳನ ಕೈಯೇ ಮೇಲಾಯಿತು. ಆದರೆ ಗೆದ್ದ ಅರಸರ ಕಾಲದಲ್ಲಿಯೂ ಸೋತ ಪಕ್ಷದ ಬಂಟನ ಕಲ್ಲನ್ನು ಒಡೆಯದೆ ಬಿಟ್ಟದ್ದು ಗಮನಿಸತಕ್ಕ ಸಂಗತಿ. ಎಂಟುನೂರು ವರ್ಷಗಳಿಗೂ ಮಿಕ್ಕಿ ಆ ಹೆಸರು ಬಾಳಿದೆ.

ಒಬ್ಬ ಸೈನಿಕನ ಜೀವನವನ್ನು ಶೋಧಿಸುವವನು ಕೇಳುವ ಪ್ರಶ್ನೆಗಳಾದರೂ ಯಾವವು? ಅವನ ಹೆಸರೇನು? ಅವನು ಯಾರ ದಂಡಿನಲ್ಲಿದ್ದನು? ಯಾವ ವರ್ಷ, ಯಾವ ಸ್ಥಳದಲ್ಲಿ, ಯಾರೆದುರು ಹೋರಾಡಿ ಬಿದ್ದನು? ಅವನ ಪಕ್ಕದಲ್ಲಿ ನಿಂತವರು ಯಾರು? ಸೋಹಣಿಯ ವಿಷಯದಲ್ಲಿ ಈ ಪ್ರಶ್ನೆಗಳಿಗೆಲ್ಲ ಒಂದೇ ಕಲ್ಲು ಉತ್ತರ ಕೊಡುವದು. ಇಪ್ಪತ್ತನೆಯ ಶತಮಾನದಲ್ಲಿ ಸತ್ತ ನಮ್ಮ ಎಷ್ಟೋ ಸಿಪಾಯಿಗಳ ವಿಷಯದಲ್ಲಿ ಕಚೇರಿಗಳ ಕಪಾಟುಗಳನ್ನೆಲ್ಲ ಜಾಲಾಡಿಸಿದರೂ ಇಷ್ಟು ಉತ್ತರ ದೊರೆಯುವದು ಕಷ್ಟ.

ಈ ಕಲ್ಲನ್ನು ಹೊಸಗಾಲದ ಇತಿಹಾಸಕ್ಕೆ ಪರಿಚಯಿಸಿದವರು ಯಾರೆಂದು ಕೇಳಿದರೆ ನಾವು ಸ್ವಲ್ಪ ನಾಚಬೇಕಾಗುವದು. ಧಾರವಾಡ ಸೀಮೆಯಲ್ಲಿ ಅಧಿಕಾರದಲ್ಲಿದ್ದ ವಾಲ್ಟರ ಎಲಿಯಟ ಸಾಹೇಬರು ಈ ಭಾಗದ ನೂರಾರು ಶಾಸನಗಳ ನಕಲುಗಳನ್ನು ಮಾಡಿಸಿದರು. ಬಳಿಕ ಮುಂಬಯಿ ಇಲಾಖೆಯ ಸಿವಿಲ್ ನೌಕರಿಯಲ್ಲಿದ್ದ ಫ್ಲೀಟ ಸಾಹೇಬರು ಹಳಗನ್ನಡವನ್ನು ಕಲಿತು, ಕನ್ನಡ ಜಿಲ್ಹೆಗಳ ರಾಜವಂಶಗಳ ಚರಿತ್ರೆಯನ್ನು ೧೮೮೨ರಲ್ಲಿ ಅಚ್ಚು ಹಾಕಿಸಿದರು. ಪರರಾದರೂ ಅವರು ಮಾಡಿದ ಈ ಉಪಕಾರವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಸಾವಿರ ಮೈಲುಗಳಾಚೆಯಿಂದ ಬಂದವನು ಓದಿದ ಕಲ್ಲನ್ನು, ಅದರ ನೆರಳಲ್ಲೇ ಹುಟ್ಟಿ ಬೆಳೆದವರು ಓದದೆ ಹೋದರೆಂಬದನ್ನು ಹೇಗೆ ಮರೆಯುವದು? ೧೯೩೯ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯು ಸ್ಥಾಪನೆಯಾದ ಮೇಲೆ ಈ ಕೊರತೆಯು ಬಹುಮಟ್ಟಿಗೆ ನೀಗಿತು. ನಮ್ಮವರೇ ನಮ್ಮ ಕಲ್ಲುಗಳನ್ನು ಓದಿ ಪ್ರಕಟಿಸಿದರು. ಆದರೆ ವಿದ್ವಾಂಸನ ಓದು ಬೇರೆ, ಊರಿನ ನೆನಪು ಬೇರೆ. ಗ್ರಂಥಭಾಂಡಾರದಲ್ಲಿ ಉಳಿದ ಹೆಸರು ಊರ ಬಾಯಲ್ಲಿ ಉಳಿದಿಲ್ಲ.

ಕಲ್ಲನ್ನು ಓದುವ ಬಗೆ

ವೀರಗಲ್ಲನ್ನು ಓದಲಿಕ್ಕೆ ಪಂಡಿತನೇ ಆಗಬೇಕೆಂದೇನೂ ಇಲ್ಲ. ಸಾಮಾನ್ಯವಾಗಿ ಅದರಲ್ಲಿ ಒಂದರ ಮೇಲೊಂದು ಮೂರು ಪಟ್ಟಿಕೆಗಳಿರುವವು. ದೊಡ್ಡ ಕಲ್ಲುಗಳಲ್ಲಿ ಇನ್ನೂ ಹೆಚ್ಚು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕುದುರೆ, ಆನೆ, ನೆಲಕ್ಕುರುಳಿದ ಹೆಣಗಳು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ತೋಳು ಹಿಡಿದು ಮೇಲಕ್ಕೊಯ್ಯುವರು. ಮೇಲಿನದರಲ್ಲಿ ಅವನು ಶಿವಲಿಂಗದೆದುರು ಕೈಮುಗಿದು ಕುಳಿತಿರುವನು. ತುದಿಯಲ್ಲಿ ಸೂರ್ಯ ಚಂದ್ರರು. ಈ ಹೆಸರು ಅವರಿರುವವರೆಗೆ ಬಾಳಲೆಂಬ ಹಾರೈಕೆ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಬರಹ. ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಒಬ್ಬ ಮನುಷ್ಯನ ಕಡೆಯ ದಿನವೂ ಅವನ ಊರವರ ನಂಬಿಕೆಯೂ ತಾವಾಗಿ ತಿಳಿಯುವವು.

ಬಿದ್ದವರೆಲ್ಲರೂ ಅರಸರ ದೊಡ್ಡ ದಂಡಯಾತ್ರೆಗಳಲ್ಲಿಯೇ ಬಿದ್ದವರಲ್ಲ. ಹಗೆಗಳು ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರದು ತುರುಗೋಳಿನ ಕಲ್ಲು. ಹೆಣ್ಣುಮಕ್ಕಳ ಮಾನವನ್ನು ಕಾಯುವಾಗ ಸತ್ತವರದು ಪೆಣ್ಬುಯ್ಯಲಿನ ಕಲ್ಲು. ಊರಿಗೆ ಊರೇ ಸುಲಿಗೆಗೀಡಾದಾಗ ಕಾದಿ ಸತ್ತವರದು ಊರಳಿವಿನ ಕಲ್ಲು. ಹಾನಗಲ್ಲನ್ನು ವಿರಾಟನಗರವೆಂದು ಕರೆಯುವ ಐತಿಹ್ಯವು ಬಹಳ ಹಳೆಯದು. ಕೌರವರು ವಿರಾಟನ ಗೋವುಗಳನ್ನು ತರುಬಿದ ಕಥೆಯು ಈ ಊರಿಗೆ ಹೇಗೆ ಅಂಟಿಕೊಂಡಿತೆಂಬದು ಪಂಡಿತರು ವಿಚಾರಿಸತಕ್ಕ ಮಾತು. ಆದರೆ ತುರುಗೋಳಿನಲ್ಲಿ ಪ್ರಾಣ ಕೊಟ್ಟವರ ಕಲ್ಲುಗಳು ಊರೂರಿಗೆ ನಿಂತಿರುವ ನಾಡಿನಲ್ಲಿ ಗೋಗ್ರಹಣದ ಪ್ರಸಂಗವನ್ನು ಜನರು ತಮ್ಮ ಮನೆಯ ಸುದ್ದಿಯೆಂದೇ ಕೇಳಿರಬೇಕು. ಇದರಲ್ಲಿ ನಮಗೆ ಆಶ್ಚರ್ಯವಿಲ್ಲ.

ಇನ್ನೆರಡು ಸಂಗತಿಗಳನ್ನು ಒತ್ತಿ ಹೇಳಬೇಕು. ಮೊದಲನೆಯದು, ಈ ಗೌರವವು ದೊಡ್ಡವರಿಗೆ ಮಾತ್ರ ಮೀಸಲಾಗಿರಲಿಲ್ಲ. ದಂಡನಾಯಕನಿಗೆ ಕಲ್ಲು ನಿಂತಂತೆ ಗೌಡನಿಗೂ, ತಳವಾರನಿಗೂ, ಕೆಳಗಿನವರೆಂದು ಸಮಾಜವು ದೂರವಿಟ್ಟ ಕುಲದವನಿಗೂ ಕಲ್ಲು ನಿಂತಿದೆ. ಅಷ್ಟೇ ಏಕೆ? ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕಲ್ಲು ಕಾಳಿಯೆಂಬ ಒಂದು ನಾಯಿಯದು. ಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತ ಆ ಬೇಟೆನಾಯಿಗೆ ಅದರ ಒಡೆಯನಾದ ಮಣಲೇರನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೂ ಹೆಸರು ಕೊಟ್ಟ ನಾಡು ಇದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬಿನ್ನವಿಸುವೆವು. ಮುಂದೆ ಇದರ ಕೆಲಸ ಬೀಳುವದು.

ಎರಡನೆಯದು, ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳುವ ಪದ್ಧತಿಯಿರಲಿಲ್ಲ. ಸತ್ತವನ ಹೆಂಡಿರು ಮಕ್ಕಳಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ನೆತ್ತರಿಗೆ ಕೊಟ್ಟ ಕೊಡುಗೆ! ಇಂದಿನ ಪಿಂಚಣಿ ಖಾತೆಯ ಯಾವ ಪದಕ್ಕೂ ಈ ಪದದ ಸತ್ಯವಿಲ್ಲ. ಮಡಿದವನ ಹೆಸರೂ ಅವನ ಮನೆಯವರ ಅನ್ನವೂ ಊರಿನ ಹೊಣೆಯೆಂದು ಆ ಕಾಲದವರು ಬಗೆದಿದ್ದರೆಂಬದಕ್ಕೆ ಬೇರೆ ಸಾಕ್ಷಿ ಬೇಡ.

ಕಾಳಗಗಳ ಸೀಮೆ

ಉಳಿದ ಮೂರು ತಾಲೂಕುಗಳೂ ಈ ಬಗೆಯ ನೆನಪುಗಳಿಂದ ಬರಿದಾಗಿಲ್ಲ. ಶಿಗ್ಗಾಂವಿ ತಾಲೂಕಿನ ಬಂಕಾಪುರವು ರಾಷ್ಟ್ರಕೂಟರ ದಂಡನಾಯಕ ಬಂಕೆಯನ ಹೆಸರನ್ನು ಹೊತ್ತ ಕೋಟೆಯೂರು. ಅದೇ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಮೊದಲು ಕತ್ತಿ ಹಿಡಿದ ನಾಯಕರಾಗಿದ್ದು, ರಣರಂಗದಲ್ಲಿ ಗಾಯಗೊಂಡು ಬಿದ್ದ ಮೇಲೆ ಹರಿದಾಸರಾದರೆಂದು ಐತಿಹ್ಯ ಹೇಳುವದು. ಸವಣೂರನ್ನು ೧೭೫೬ರಲ್ಲಿ ಪೇಶವೆ ಬಾಳಾಜಿ ಬಾಜೀರಾಯನ ದಂಡು ಮುತ್ತಿತು. ಫ್ರೆಂಚ ಸೇನಾನಿ ಬುಸ್ಸಿಯ ತೋಪುಗಳೂ ಅಲ್ಲಿ ಸಿಡಿದವು. ಹಿರೇಕೆರೂರಿನ ಸೀಮೆಯು ಬನವಾಸಿಯ ದಾರಿಯಲ್ಲಿರುವದರಿಂದ ಕದಂಬ, ಚಾಲುಕ್ಯ, ಹೊಯ್ಸಳ, ಸೇವುಣರ ದಂಡುಗಳೆಲ್ಲ ಅದನ್ನು ತುಳಿದೇ ಹೋದವು. ಅರಸರ ಹೆಸರುಗಳು ಪಾಠಪುಸ್ತಕದಲ್ಲಿವೆ. ಅವರಿಗಾಗಿ ಬಿದ್ದವರು ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಹನುಮಂತನ ಗುಡಿಯ ಹಿಂದೆ ಕಲ್ಲಾಗಿ ನಿಂತಿದ್ದಾರೆ.

ಇಂಥ ಸೀಮೆಯನ್ನು ಕುರಿತು ಆಂಗ್ಲ ಸರಕಾರವು ಏನೆಂದಿತು? ೧೮೫೭ರ ದಂಗೆಯ ಬಳಿಕ, ಹಿಂದುಸ್ತಾನದಲ್ಲಿ ಕೆಲವು ಜಾತಿಗಳು ಮಾತ್ರ ಯುದ್ಧಕ್ಕೆ ಯೋಗ್ಯ, ಉಳಿದವು ಅಯೋಗ್ಯವೆಂದು ಒಂದು ಮತವು ಹುಟ್ಟಿ, ಸೈನ್ಯದ ಭರತಿಯು ಆ ಮತದಂತೆ ನಡೆಯಿತು. ಪಂಜಾಬಕ್ಕೂ ನೇಪಾಳಕ್ಕೂ ಅಗ್ರಸ್ಥಾನ ದೊರೆಯಿತು. ದಕ್ಷಿಣದವರು ಹಿಂದೆ ಬಿದ್ದರು. ರಾಜನಿಷ್ಠೆಯನ್ನು ಶೌರ್ಯವೆಂದೂ ಸ್ವಾಭಿಮಾನವನ್ನು ಹೇಡಿತನವೆಂದೂ ಎಣಿಸಿದ ಆ ಶಾಸ್ತ್ರಕ್ಕೆ ಹಾನಗಲ್ಲಿನ ಒಂದೊಂದು ಕಲ್ಲೂ ಪ್ರತ್ಯುತ್ತರವಾಗಿದೆ.

ಬಸರಾದ ಲೆಕ್ಕ

ಇಷ್ಟಾದರೂ ೧೯೧೪ರಲ್ಲಿ ಮೊದಲನೆಯ ಮಹಾಯುದ್ಧವು ಹತ್ತಿಕೊಂಡಾಗ ಭರತಿಯ ಬಲೆಯನ್ನು ಅಗಲವಾಗಿಯೇ ಬೀಸಬೇಕಾಯಿತು. ಹಿಂದುಸ್ತಾನದಿಂದ ಹದಿಮೂರು ಲಕ್ಷಕ್ಕೂ ಮಿಕ್ಕಿ ಜನರು ಆ ಯುದ್ಧಕ್ಕೆ ಹೋದರು. ಸುಮಾರು ೭೪,೦೦೦ ಜನರು ಮರಳಲಿಲ್ಲ. ಬೆಳಗಾವಿ ಧಾರವಾಡಗಳ ಸೀಮೆಯಿಂದ ಸೈನ್ಯಕ್ಕೆ ಸೇರಿದವನ ಜಾಡು ಹಿಡಿಯುವವನು ಮೊಟ್ಟಮೊದಲು ನೋಡಬೇಕಾದವು ಮರಾಠಾ ಪದಾತಿ ದಳಗಳು. ಅವುಗಳಲ್ಲಿ ೧೦೩, ೧೧೦ ಮತ್ತು ೧೧೭ನೆಯ ದಳಗಳು ಮೆಸೊಪೊಟೇಮಿಯಕ್ಕೆ ಹೋಗಿ, ತೈಗ್ರಿಸ ನದಿಯ ಕೂತ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದವು. ೧೯೧೫ರ ಡಿಸೆಂಬರ ೭ರಿಂದ ೧೯೧೬ರ ಏಪ್ರಿಲ ೨೯ರವರೆಗೆ ಆ ಮುತ್ತಿಗೆ ನಡೆಯಿತು. ಅನ್ನವು ತೀರಿ, ಬೇನೆಗಳು ಹಬ್ಬಿ, ಕಡೆಗೆ ಸುಮಾರು ೧೩,೦೦೦ ಜನರು ಶರಣಾಗತರಾದರು. ಸೆರೆಯಾದ ಸಿಪಾಯಿಗಳಲ್ಲಿ ಎಷ್ಟೋ ಜನರು ಮರುಭೂಮಿಯ ನಡಿಗೆಯಲ್ಲಿಯೂ ಸೆರೆಯ ಶಿಬಿರಗಳಲ್ಲಿಯೂ ಸತ್ತರು.

ಇವರಿಗೆ ಕಲ್ಲು ನಿಂತಿತೇ? ನಿಂತಿತು. ೧೯೧೭ರಲ್ಲಿ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗವು ಸ್ಥಾಪಿತವಾಯಿತು. ಅಂತಸ್ತು, ಜನಾಂಗ, ಮತ ಇವುಗಳ ಭೇದವಿಲ್ಲದೆ ಮಡಿದ ಪ್ರತಿಯೊಬ್ಬನ ಹೆಸರನ್ನೂ ಕಲ್ಲಿನಲ್ಲಿ ಬರೆಯುವದು ಅದರ ಧ್ಯೇಯ. ಮೆಸೊಪೊಟೇಮಿಯದಲ್ಲಿ ಸತ್ತು ಗೋರಿಯಿಲ್ಲದವರಿಗಾಗಿ ಬಸರಾದಲ್ಲಿ ಕಟ್ಟಿದ ಸ್ಮಾರಕವು ೧೯೨೯ರಲ್ಲಿ ಅನಾವರಣಗೊಂಡಿತು. ನಲವತ್ತು ಸಾವಿರಕ್ಕೂ ಮಿಕ್ಕಿದ ಮೃತರ ಸ್ಮಾರಕವದು. ಆದರೆ ಅಲ್ಲಿ ಆಂಗ್ಲ ಸೈನಿಕನ ಹೆಸರುಂಟು, ಹಿಂದೀ ಅಧಿಕಾರಿಯ ಹೆಸರುಂಟು. ಸಾಮಾನ್ಯ ಹಿಂದೀ ಸಿಪಾಯಿಯ ಹೆಸರಿಲ್ಲ. ಅವನ ದಳದ ಹೆಸರಿನ ಕೆಳಗೆ, ಇಂತಿಷ್ಟು ಜನರೆಂದು ಒಂದು ಸಂಖ್ಯೆ! ಹೆಸರುಗಳು ಬೇರೆ ದಫ್ತರದಲ್ಲಿ ಉಳಿದವು. ಸಾಮ್ರಾಜ್ಯಕ್ಕಾಗಿ ಪ್ರಾಣ ಕೊಟ್ಟವನು ಸಾಮ್ರಾಜ್ಯದ ಕಲ್ಲಿನ ಮೇಲೆ ಒಂದು ಲೆಕ್ಕವಾದನು. ಆತಕೂರಿನ ನಾಯಿಗೆ ಮಣಲೇರನು ಸಲ್ಲಿಸಿದ ಮರ್ಯಾದೆಯನ್ನು ಸೂರ್ಯ ಮುಳುಗದ ಸಾಮ್ರಾಜ್ಯವು ನಮ್ಮ ಸಿಪಾಯಿಗೆ ಸಲ್ಲಿಸಲಿಲ್ಲವೆಂದರೆ ಅದು ಅತಿಶಯೋಕ್ತಿಯಲ್ಲ.

ಈ ಮಾತು ರಾಷ್ಟ್ರೀಯರ ಕುದಿತದಿಂದ ಹುಟ್ಟಿದ್ದೆಂದು ಯಾರಾದರೂ ಅಂದಾರು. ಹಾಗಲ್ಲ. ಅದೇ ಆಯೋಗವು ೨೦೨೧ರಲ್ಲಿ ತನ್ನ ಹಳೆಯ ಕಡತಗಳನ್ನು ತಾನೇ ಶೋಧಿಸಿ, ಹಿಂದುಸ್ತಾನ, ಆಫ್ರಿಕ ಮುಂತಾದ ದೇಶಗಳ ೪೫,೦೦೦ದಿಂದ ೫೪,೦೦೦ದಷ್ಟು ಮೃತರಿಗೆ ಸಮಾನವಾದ ಸ್ಮರಣೆ ಸಲ್ಲಲಿಲ್ಲವೆಂದು ಒಪ್ಪಿಕೊಂಡಿತು. ಬ್ರಿಟಿಷ ಸರಕಾರದ ಮಂತ್ರಿಯು ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದನು. ನೂರು ವರ್ಷಗಳ ಬಳಿಕ ಬಂದ ಈ ಕ್ಷಮಾಯಾಚನೆಯನ್ನು ನಾವು ಹಳಿಯುವದಿಲ್ಲ. ಆದರೆ ಕೇಳಬೇಕಾಗಿದ್ದ ತಾಯಿ ತಂದೆಗಳು ಆ ಹೊತ್ತಿಗೆ ಯಾರೂ ಉಳಿದಿರಲಿಲ್ಲ.

ಮಡಿದವರ ಮನೆಗಳಿಗೆ ಕಂಚಿನ ಒಂದು ಬಿಲ್ಲೆಯನ್ನು ಕಳಿಸುವ ಪದ್ಧತಿಯಿತ್ತು. ಅದರ ಮೇಲೆ ಮೃತನ ಹೆಸರು. ಸುತ್ತಲೂ, ಇವನು ಸ್ವಾತಂತ್ರ್ಯಕ್ಕಾಗಿಯೂ ಮಾನಕ್ಕಾಗಿಯೂ ಸತ್ತನೆಂಬ ಅರ್ಥದ ಆಂಗ್ಲ ವಾಕ್ಯ. ಯಾರ ಸ್ವಾತಂತ್ರ್ಯ? ೧೯೧೯ರಲ್ಲಿ, ಸಿಪಾಯಿಗಳಿನ್ನೂ ಊರಿಗೆ ಮರಳುತ್ತಿರುವಾಗಲೇ, ರೌಲಟ ಕಾಯದೆಯು ಬಂದಿತು. ಏಪ್ರಿಲ ೧೩ರಂದು ಜಲಿಯನವಾಲಾ ಬಾಗಿನಲ್ಲಿ ಗುಂಡುಗಳು ಹಾರಿದವು. ಆ ಬಿಲ್ಲೆಯ ಆಂಗ್ಲವನ್ನು ಓದಲಾರದ ಮುದುಕಿಯು ಅದನ್ನು ಟ್ರಂಕಿನ ತಳದಲ್ಲಿಟ್ಟಿದ್ದರೆ ಅವಳನ್ನು ಭಾಗ್ಯವಂತಳೆನ್ನಬೇಕು. ಓದಿದ್ದರೆ ಅವಳ ದುಃಖವು ಇಮ್ಮಡಿಯಾಗುತ್ತಿತ್ತು.

ಜಾಡು ಹಿಡಿಯುವ ದಾರಿ

ಈಗ ಕೆಲಸದ ಮಾತಿಗೆ ಬರೋಣ. ನಮ್ಮ ನಾಲ್ಕು ತಾಲೂಕುಗಳಲ್ಲಿ ಯಾವನಾದರೂ ತನ್ನ ಮನೆತನದ ಅಥವಾ ಊರಿನ ಮಡಿದ ಸೈನಿಕನನ್ನು ಹುಡುಕಹೊರಟರೆ ಅವನನ್ನು ಎಡವಿಸುವ ಮೊದಲ ಕಲ್ಲು ತಾಲೂಕಿನ ಹೆಸರೇ. ಆಂಗ್ಲರ ಕಾಲದ ಕಾಗದಗಳಲ್ಲಿ ಹಿರೇಕೆರೂರು ತಾಲೂಕು ಎಂಬದಿಲ್ಲ. ಕಚೇರಿಯು ಹಿರೇಕೆರೂರಿನಲ್ಲಿದ್ದರೂ ತಾಲೂಕಿಗೆ ‘ಕೋಡ’ ಎಂದು ಹೆಸರು. ಶಿಗ್ಗಾಂವಿಯಲ್ಲಿ ಮಾಮಲೇದಾರನಿದ್ದರೂ ತಾಲೂಕು ‘ಬಂಕಾಪುರ’. ಸವಣೂರಂತೂ ನವಾಬರ ಸಂಸ್ಥಾನ. ೧೯೪೮ರವರೆಗೆ ಅದು ಧಾರವಾಡ ಜಿಲ್ಹೆಯ ತಾಲೂಕೇ ಆಗಿರಲಿಲ್ಲ. ಹಾನಗಲ್ಲು ಒಂದೇ ತನ್ನ ಹೆಸರಿನಿಂದ ಇದ್ದದ್ದು. ೧೯೫೬ರ ನವೆಂಬರ ೧ರಂದು ಈ ಸೀಮೆಯು ಮುಂಬಯಿಯಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ೧೯೭೩ರಲ್ಲಿ ಆ ರಾಜ್ಯವು ಕರ್ನಾಟಕವಾಯಿತು. ೧೯೯೭ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಹೆಯಾಯಿತು. ಹಾವೇರಿ ಜಿಲ್ಹೆ, ಹಿರೇಕೆರೂರು ತಾಲೂಕು ಎಂದು ಹುಡುಕಿದವನಿಗೆ ಏನೂ ಸಿಕ್ಕುವದಿಲ್ಲ; ಧಾರವಾಡ ಜಿಲ್ಹೆ, ಕೋಡ ತಾಲೂಕು ಎಂದು ಹುಡುಕಬೇಕು.

ಎರಡನೆಯ ತೊಡಕು ಹೆಸರಿನದು. ದಫ್ತರಗಳಲ್ಲಿ ಸಿಪಾಯಿಯ ಹೆಸರು, ತಂದೆಯ ಹೆಸರು, ಊರು, ತಾಲೂಕು ಎಂಬ ಕ್ರಮವಿರುವದು. ಆದರೆ ಕಾರಕೂನನ ಕಿವಿಗೆ ಬಿದ್ದಂತೆ ಬರೆದ ಹೆಸರುಗಳವು. ಮನೆತನದ ಅಡ್ಡಹೆಸರು ಬಿಟ್ಟು ಹೋಗಿರಬಹುದು, ಬಸಪ್ಪನು ಬಸಾಪನಾಗಿರಬಹುದು, ಊರಿನ ಹೆಸರಿನ ಕೊನೆಯ ಅಕ್ಷರಗಳು ಹಾರಿ ಹೋಗಿರಬಹುದು. ಆದ್ದರಿಂದ ಹುಡುಕುವವನು ಕನ್ನಡದ ಕಣ್ಣನ್ನಷ್ಟೇ ಅಲ್ಲ, ಆಂಗ್ಲ ಕಿವಿಯನ್ನೂ ಎರವಲು ತಂದುಕೊಳ್ಳಬೇಕು.

ಮೂರನೆಯದು ದಳದ ಅಂಕೆ. ೧೯೨೨ರಲ್ಲಿ ಸೈನ್ಯವನ್ನು ಪುನರ್ರಚಿಸಿದಾಗ ಹಳೆಯ ಅಂಕೆಗಳೆಲ್ಲ ಬದಲಾದವು. ೧೦೩ನೆಯ ಮರಾಠಾ ದಳವು ಐದನೆಯ ಮರಾಠಾ ರೆಜಿಮೆಂಟಿನ ಒಂದನೆಯ ಪಲಟಣವಾಯಿತು. ೧೦೫ನೆಯದು ಎರಡನೆಯದು, ೧೧೦ನೆಯದು ಮೂರನೆಯದು, ೧೧೬ನೆಯದು ನಾಲ್ಕನೆಯದು, ೧೧೭ನೆಯದು ಐದನೆಯದಾಯಿತು. ೧೧೪ನೆಯದು ತರಬೇತಿಯ ಪಲಟಣವಾಗಿ ಬೆಳಗಾವಿಯಲ್ಲಿ ನೆಲೆಸಿತು. ಆ ರೆಜಿಮೆಂಟಿನ ಕೇಂದ್ರವು ಇಂದಿಗೂ ಅಲ್ಲಿಯೇ ಇದೆ. ಹಾನಗಲ್ಲಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಸ್ಥಳವದು.

ಮನೆಯಲ್ಲಿ ಬೆಳ್ಳಿಯ ಯುದ್ಧಪದಕವೇನಾದರೂ ಉಳಿದಿದ್ದರೆ ಅದರ ಮುಖವನ್ನಲ್ಲ, ಅಂಚನ್ನು ನೋಡಬೇಕು. ಮೊದಲನೆಯ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸಿಪಾಯಿಯ ಅಂಕೆ, ದರ್ಜೆ, ಹೆಸರು, ದಳ ಇವುಗಳನ್ನು ಒತ್ತಿರುವರು. ಆ ಒಂದು ಗೆರೆಯು ಬೀಗದ ಕೈ. ಅದನ್ನು ಹಿಡಿದುಕೊಂಡು ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ದಿಲ್ಲಿಯ ರಾಷ್ಟ್ರೀಯ ದಫ್ತರಖಾನೆಯಲ್ಲಿಯೂ ಲಂಡನ್ನಿನ ಬ್ರಿಟಿಷ ಗ್ರಂಥಾಲಯದ ಇಂಡಿಯಾ ಕಚೇರಿಯ ಕಡತಗಳಲ್ಲಿಯೂ ದಳಗಳ ಯುದ್ಧದಿನಚರಿಗಳನ್ನು ವಿಚಾರಿಸಬಹುದು. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿದ್ದ ಪಂಜಾಬಿನ ೩,೨೦,೦೦೦ ಸೈನಿಕರ ಪಟ್ಟಿಗಳು ೨೦೨೧ರಲ್ಲಿ ಸಾರ್ವಜನಿಕರಿಗೆ ತೆರವಾದವು. ಪ್ರಯತ್ನಿಸಿದರೆ ಏನಾಗಬಹುದೆಂಬದಕ್ಕೆ ಅದು ನಿದರ್ಶನ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಮನೆತನದ ಮಾತಿನಲ್ಲಿ ಸಿಪಾಯಿಯು ಸುಬೇದಾರನಾಗುವನು, ಜ್ವರದಿಂದ ಸತ್ತವನು ತೋಪಿನ ಬಾಯಿಗೆ ಎದೆಯೊಡ್ಡಿದವನಾಗುವನು. ಪ್ರೀತಿಯು ಮಾಡುವ ತಪ್ಪು ಇದು. ಮೆಸೊಪೊಟೇಮಿಯದಲ್ಲಿ ಗುಂಡಿನಷ್ಟೇ ಬೇನೆಯೂ ಜನರನ್ನು ಕೊಂದಿತು; ಬೇನೆಯಿಂದ ಸತ್ತವನ ಮನೆಯ ದುಃಖವು ಕಡಿಮೆಯದೇನೂ ಅಲ್ಲ. ಕಾಗದ, ಲೋಹ, ಬಾಯಿಮಾತು ಈ ಮೂರು ಸಾಕ್ಷಿಗಳು ಕೂಡಿದಲ್ಲಿ ಮಾತ್ರ ಸಂಗತಿಯನ್ನು ಸತ್ಯವೆಂದು ಬರೆಯಬೇಕು. ಇಲ್ಲದ್ದನ್ನು ಬರೆಯುವದು ಸತ್ತವನಿಗೆ ಮಾಡಿದ ಎರಡನೆಯ ಅನ್ಯಾಯ.

ಪರರಿಗಾಗಿ ಸತ್ತವರನ್ನು ನೆನೆಯಬೇಕೇ?

ಇಲ್ಲಿ ನಮ್ಮ ರಾಷ್ಟ್ರೀಯ ವಾಚಕರು ಒಂದು ಆಕ್ಷೇಪವನ್ನೆತ್ತಬಹುದು. ಪರರ ಸಾಮ್ರಾಜ್ಯವನ್ನು ಕಾಯಲಿಕ್ಕೆ ಸಂಬಳಕ್ಕಾಗಿ ಹೋಗಿ ಸತ್ತವರಿಗೆ ನಾವೇಕೆ ಕಲ್ಲು ನಿಲ್ಲಿಸಬೇಕು? ಆ ಗೌರವವು ದೇಶಕ್ಕಾಗಿ ಸತ್ತವರಿಗೆ ಸಲ್ಲತಕ್ಕದ್ದಲ್ಲವೇ? ಈ ಆಕ್ಷೇಪವನ್ನು ನಾವು ಹಗುರಾಗಿ ತಳ್ಳಿಹಾಕುವದಿಲ್ಲ. ಈ ಸೀಮೆಗೆ ಸಮೀಪದ ಮೋಟೆಬೆನ್ನೂರಿನಲ್ಲಿ ೧೯೧೧ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು ೧೯೩೦ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದರು. ೧೯೪೩ರ ಏಪ್ರಿಲ ೧ರಂದು ಹೊಸರಿತ್ತಿಯಲ್ಲಿ, ಸರಕಾರದ ಕಂದಾಯದ ಹಣವನ್ನು ಕೈವಶ ಮಾಡಿಕೊಳ್ಳಹೋದಾಗ, ಪೋಲೀಸರ ಗುಂಡಿಗೆ ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರೂ ವೀರಯ್ಯ ಹಿರೇಮಠರೂ ಬಿದ್ದರು. ಸಂಬಳವಿಲ್ಲದ, ಸಮವಸ್ತ್ರವಿಲ್ಲದ ಸೈನಿಕರು ಅವರು. ಅವರ ಪಂಕ್ತಿಗೆ ಬೇರೆಯವರನ್ನು ಎಳೆದು ತಂದು ಕೂಡಿಸುವ ಇಚ್ಛೆ ನಮಗಿಲ್ಲ.

ಆದರೆ ಅದೇ ಏಪ್ರಿಲಿನಲ್ಲಿ ನಮ್ಮ ದೇಶದ ಲಕ್ಷಗಟ್ಟಲೆ ಹುಡುಗರು ಆಫ್ರಿಕದಲ್ಲಿಯೂ ಬರ್ಮದ ಗಡಿಯಲ್ಲಿಯೂ ಇದ್ದರೆಂಬದನ್ನು ಮರೆಯಬಾರದು. ಎರಡನೆಯ ಮಹಾಯುದ್ಧದಲ್ಲಿ ಹಿಂದುಸ್ತಾನದ ಸೈನ್ಯವು ೨೫ ಲಕ್ಷಕ್ಕೇರಿತು. ೮೭,೦೦೦ದಷ್ಟು ಜನರು ಸತ್ತರು. ಅವರಲ್ಲಿ ಬಹುಜನರನ್ನು ರಣಕ್ಕೆ ಕಳಿಸಿದ್ದು ರಾಜಭಕ್ತಿಯಲ್ಲ, ಮನೆಯ ಹಸಿವು. ಮಳೆ ಹೋಗಿ, ಹೊಲ ಒತ್ತೆಯಾಗಿ, ಮೂರನೆಯ ಮಗನಿಗೆ ಊರಲ್ಲಿ ಕೂಳಿಲ್ಲದಾದಾಗ ಅವನು ಭರತಿಯ ಸಾಲಿನಲ್ಲಿ ನಿಂತನು. ಆ ಸಾಲಿನಲ್ಲಿ ಅವನನ್ನು ನಿಲ್ಲಿಸಿದವರನ್ನು ದೂಷಿಸೋಣ. ಅವನನ್ನು ಮರೆಯುವದು ಬೇಡ.

ಸೋಹಣಿಯಾದರೂ ಯಾರಿಗಾಗಿ ಸತ್ತನು? ಕಾಮದೇವನಿಗಾಗಿ. ಅವನೆದುರು ಸತ್ತ ಹೊಯ್ಸಳರ ಬಂಟರು ಯಾರಿಗಾಗಿ ಸತ್ತರು? ಬಲ್ಲಾಳನಿಗಾಗಿ. ಎರಡೂ ಕಡೆಯವರು ಕನ್ನಡಿಗರು. ಇಬ್ಬರಲ್ಲಿ ಯಾರ ಪಕ್ಷ ನ್ಯಾಯದ್ದೆಂದು ನಿರ್ಣಯಿಸಿ ಊರವರು ಕಲ್ಲು ನಿಲ್ಲಿಸಲಿಲ್ಲ. ನಮ್ಮವನು ಹೋದನು, ಮರಳಲಿಲ್ಲ, ಅವನ ಹೆಸರು ಅಳಿಯಬಾರದು. ಕಲ್ಲಿನ ಶಾಸ್ತ್ರವು ಇಷ್ಟೇ. ಯುದ್ಧವನ್ನು ಹೊಗಳುವದೂ ಯುದ್ಧದಲ್ಲಿ ಸತ್ತವನನ್ನು ನೆನೆಯುವದೂ ಒಂದೇ ಅಲ್ಲವೆಂಬದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಸ್ವತಂತ್ರ ಭಾರತವು ಈ ಶಾಸ್ತ್ರವನ್ನು ಮರಳಿ ಕಲಿತಿದೆ. ೨೦೧೯ರಲ್ಲಿ ದಿಲ್ಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ ೨೫,೦೦೦ಕ್ಕೂ ಮಿಕ್ಕಿದ ಯೋಧರ ಹೆಸರುಗಳನ್ನು ಒಂದೊಂದಾಗಿ ಕೆತ್ತಲಾಗಿದೆ. ಶಿಗ್ಗಾಂವಿಗೆ ನೆರೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ ನಾಯಕ ಹನುಮಂತಪ್ಪ ಕೊಪ್ಪದರು ಸಿಯಾಚಿನ್ನಿನ ಹಿಮದಡಿಯಲ್ಲಿ ಆರು ದಿನ ಜೀವ ಹಿಡಿದಿದ್ದು ೨೦೧೬ರ ಫೆಬ್ರುವರಿ ೧೧ರಂದು ದಿಲ್ಲಿಯಲ್ಲಿ ತೀರಿಕೊಂಡಾಗ ಇಡೀ ದೇಶವೇ ಅವರ ಹೆಸರನ್ನು ಉಚ್ಚರಿಸಿತು. ಅಂಥದೇ ಒಂದು ಮನೆಯಿಂದ ನೂರು ವರ್ಷಗಳ ಹಿಂದೆ ಹೊರಟು ತೈಗ್ರಿಸಿನ ದಡದಲ್ಲಿ ಬಿದ್ದವನು ಮಾತ್ರ ಇನ್ನೂ ಲೆಕ್ಕವಾಗಿಯೇ ಉಳಿಯಬೇಕೇ?

ಮಾಡತಕ್ಕದ್ದು

ನಮ್ಮ ಸೂಚನೆಗಳು ದೊಡ್ಡವಲ್ಲ, ದುಬಾರಿಯವೂ ಅಲ್ಲ. ಎಷ್ಟೋ ಊರುಗಳಲ್ಲಿ ವೀರಗಲ್ಲುಗಳು ಬಟ್ಟೆ ಒಗೆಯುವ ಬಂಡೆಗಳಾಗಿ, ಗಟಾರದ ಮುಚ್ಚಳಗಳಾಗಿ, ಗೋಡೆಯ ತಳಪಾಯವಾಗಿ ಸವೆಯುತ್ತಿವೆ. ಮತ್ತೆ ಕೆಲವು ಊರುಗಳಲ್ಲಿ ಭಕ್ತಿಯಿಂದ ಬಳಿದ ಎಣ್ಣೆಬಣ್ಣದಡಿಯಲ್ಲಿ ಅಕ್ಷರಗಳು ಮುಚ್ಚಿ ಹೋಗಿವೆ. ಪ್ರತಿಯೊಂದು ಗ್ರಾಮಪಂಚಾಯತಿಯು ತನ್ನ ಹದ್ದಿನೊಳಗಿನ ವೀರಗಲ್ಲುಗಳ ಒಂದು ಪಟ್ಟಿಯನ್ನು ಮಾಡಲಿ. ಯಾವ ಕಲ್ಲು, ಯಾವ ಹೊಲದಲ್ಲಿ, ಯಾವ ದಿಕ್ಕಿಗೆ ಮುಖವಾಗಿದೆಯೆಂದು ಬರೆದು, ಚಿತ್ರ ತೆಗೆದಿಡಲಿ. ಕಲ್ಲನ್ನು ಸ್ಥಳಾಂತರಿಸಲೇಬೇಕಾದರೆ ಬಲ್ಲವರನ್ನು ಕೇಳಿ, ಮೊದಲಿನ ಸ್ಥಳವನ್ನು ಗುರುತಿಸಿದ ಮೇಲೆಯೇ ಸ್ಥಳಾಂತರಿಸಲಿ. ತಹಸೀಲ್ದಾರರು ಈ ಪಟ್ಟಿಯನ್ನು ಕೇಳಿ ತರಿಸಿಕೊಂಡರೆ ಅರ್ಧ ಕೆಲಸ ತಾನೇ ಆಗುವದು. ಮೇಲಿನಿಂದ ಕೇಳುವವರಿಲ್ಲದ ಪಟ್ಟಿಯನ್ನು ಕೆಳಗೆ ಮಾಡುವವರು ನಮ್ಮ ರಾಜ್ಯದಲ್ಲಿ ವಿರಳವೆಂಬದು ಎಲ್ಲರೂ ಬಲ್ಲ ಸಂಗತಿ.

ಶಾಲೆಯ ಮಾಸ್ತರರಿಗೆ ಇನ್ನೊಂದು ಕೆಲಸ. ಊರಿನ ಹಿರಿಯರನ್ನು ಕೇಳಿ, ಯಾವ ಮನೆಯಿಂದ ಯಾರು ದಂಡಿಗೆ ಹೋದರು, ಯಾರು ಮರಳಲಿಲ್ಲ ಎಂಬದನ್ನು ಹುಡುಗರಿಂದ ಬರೆಯಿಸಲಿ. ಅಜ್ಜಿಯರ ನೆನಪೇ ಈಗ ಉಳಿದ ದಫ್ತರ. ಅದು ದಿನೇ ದಿನೇ ಬರಿದಾಗುತ್ತಿದೆ. ವಕೀಲರು, ನಿವೃತ್ತ ನೌಕರರು, ಜಾಲತಾಣಗಳನ್ನು ಬಲ್ಲ ತರುಣರು ಈ ಹೆಸರುಗಳನ್ನು ಹಿಡಿದು ಆಯೋಗದ ಪಟ್ಟಿಯೊಡನೆ ತಾಳೆ ನೋಡಲಿ. ದೃಢಪಟ್ಟ ಹೆಸರುಗಳನ್ನು ತಾಲೂಕಿನ ಊರಲ್ಲಿ ಒಂದು ಕಲ್ಲಿನ ಮೇಲೆ, ಕನ್ನಡದಲ್ಲಿ, ದರ್ಜೆಯ ಭೇದವಿಲ್ಲದೆ ಕೆತ್ತಿಸಲಿ. ಆ ಕಲ್ಲಿಗೆ ಬಿಳಿಯ ಸಂಗಮರವರಿ ಬೇಡ. ನಮ್ಮ ಕಪ್ಪು ಕಲ್ಲು ಸಾಕು.

ಹಾನಗಲ್ಲಿನವರಿಗೆ ಒಂದು ವಿಶೇಷ ಬಿನ್ನಹ. ಮುಂದಿನ ಸಲ ನೆಂಟರನ್ನು ಕರೆದುಕೊಂಡು ತಾರಕೇಶ್ವರನ ದರ್ಶನಕ್ಕೆ ಹೋದಾಗ, ಮಾಳಿಗೆಯ ಕಮಲವನ್ನು ತೋರಿಸಿದ ಮೇಲೆ, ಮಕ್ಕಳನ್ನು ವೀರಗಲ್ಲಿನ ಮುಂದೆ ನಿಲ್ಲಿಸಿ ಸೋಹಣಿಯ ಹೆಸರನ್ನು ಗಟ್ಟಿಯಾಗಿ ಹೇಳಿರಿ. ೧೧೯೬ರಲ್ಲಿ ಅವನು ಈ ಊರಿಗಾಗಿ ಸತ್ತನೆಂದು ಹೇಳಿರಿ. ಆ ಮೇಲೆ ಮಗುವು, ನಮ್ಮ ಮನೆಯಿಂದಲೂ ಯಾರಾದರೂ ಹೋಗಿದ್ದರೇ ಎಂದು ಕೇಳಿದರೆ, ಉತ್ತರವನ್ನು ಹುಡುಕುವ ಹೊಣೆ ನಿಮ್ಮದು.